ಹೈಸ್ಕೂಲ್ ನಾಟಕಕ್ಕೆ ಕಮ್ಯೂನಿಟಿ ಫೌಂಡೇಶನ್ ಗ್ರಾಂಟ್: ಅರ್ಜಿ ಯಾರ ಹೆಸರಲ್ಲಿ ಹಾಕಬೇಕು?

ಪರದೆ ಎಳೆಯುವವಳು:
ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಗ್ರಾಂಟ್ ಗಿರಾಂಟ್ ಅಂತ ಓಡಾಡಿದವರು ಇದ್ದರೆ ಸ್ವಲ್ಪ ದಾರಿ ಹೇಳಿ. ನಾವು ಏಳು ಜನ ಸೇರಿ ಒಂದು ಸಣ್ಣ ನಾಟಕ ತಂಡ ನಡೆಸುತ್ತೇವೆ. ನೋಂದಣಿ ಇಲ್ಲ, 501ಸಿ3 (ತೆರಿಗೆ ವಿನಾಯಿತಿ ಇರುವ ಲಾಭರಹಿತ ಸಂಸ್ಥೆಯ ಮಾನ್ಯತೆ) ಇಲ್ಲ, ಬ್ಯಾಂಕ್ ಖಾತೆ ನನ್ನ ಹೆಸರಲ್ಲೇ ಇದೆ. ಮಗಳು ಓದುವ ಪಬ್ಲಿಕ್ ಹೈಸ್ಕೂಲಿನ ಡ್ರಾಮಾ ಟೀಚರ್ ಜೊತೆ ಸೇರಿ ಮಕ್ಕಳಿಗೆ 12 ವಾರ ತರಬೇತಿ ಕೊಟ್ಟು, ಕೊನೆಗೆ ಒಂದು ನಾಟಕ ಆಡಿಸಬೇಕು ಅಂತ ಆಸೆ. ನಮ್ಮ ಕೌಂಟಿಯ ಕಮ್ಯೂನಿಟಿ ಫೌಂಡೇಶನ್, ಅಂದರೆ ಊರಿನ ದಾನಿಗಳ ಹಣ ಕೂಡಿಟ್ಟು ಹಂಚುವ ಸಂಸ್ಥೆ, ಸ್ಥಳೀಯ ಕಲೆಗೂ ಗ್ರಾಂಟ್ ಕೊಡುತ್ತದೆ, ಶಾಲೆಗಳಿಗೂ ಕೊಡುತ್ತದೆ. ಹೋದ ವರ್ಷ ತಂಡದ ಹೆಸರಲ್ಲಿ ಅರ್ಜಿ ಹಾಕಿದ್ದೆವು. ಅರ್ಹತೆ ಇಲ್ಲ ಅಂತ ಒಂದೇ ಸಾಲಿನ ಮೇಲ್ ಬಂತು. ಮೂರು ವಾರ ರಾತ್ರಿ ಕೂತು ಬರೆದದ್ದನ್ನು ಓದಿದ್ದೂ ಅನುಮಾನ. ಅಷ್ಟೊಂದು ದುಡ್ಡು ಇಟ್ಟುಕೊಂಡು 5,000 ಡಾಲರಿಗೆ ಹೀಗಾ? ಈ ಸಲ ಸ್ಕೂಲ್ ಹೆಸರಲ್ಲಿ ಹಾಕಲಾ, ತಂಡವನ್ನೇ ನೋಂದಾಯಿಸಲಾ?

ಲೆಕ್ಕದ ಪುಸ್ತಕ:
ಓದಿಲ್ಲ ಅನ್ನುವುದು ನಿಜವೇ ಇರಬಹುದು, ಬೇಜಾರು ಮಾಡ್ಕೋಬೇಡಿ. ಮೊದಲ ಜರಡಿ ಹಿಡಿಯುವುದೇ ಕಾಗದಪತ್ರಕ್ಕೆ. ಈ ಫೌಂಡೇಶನ್‌ನವರು ಸಾಮಾನ್ಯವಾಗಿ ಕೊಡುವುದು 501ಸಿ3 ಸಂಸ್ಥೆಗೆ, ಇಲ್ಲವೇ ಸರ್ಕಾರಿ ಸಂಸ್ಥೆಗೆ. ಪಬ್ಲಿಕ್ ಸ್ಕೂಲ್ ಎರಡನೆಯದರಲ್ಲಿ ಬರುತ್ತದೆ, ಅದಕ್ಕೆ 501ಸಿ3 ಬೇಕಿಲ್ಲ. ನಿಮ್ಮ ಸ್ವಂತ ಖಾತೆ ಕಂಡ ತಕ್ಷಣ ಪಕ್ಕಕ್ಕಿಟ್ಟಿರುತ್ತಾರೆ.

ನೋಂದಣಿ ಅಂಥ ಕಷ್ಟವೇನಲ್ಲ. ವರ್ಷದ ಆದಾಯ 50,000 ಡಾಲರ್ ದಾಟದ ಸಣ್ಣ ಸಂಸ್ಥೆಗಳಿಗೆ 1023-ಇಝಡ್ ಅಂತ ಚಿಕ್ಕ ಫಾರ್ಮ್ ಇದೆ, ಶುಲ್ಕ 275 ಡಾಲರ್. ಆದರೆ ಆಮೇಲೆ ಬೋರ್ಡು, ಮೀಟಿಂಗು, ಪ್ರತಿ ವರ್ಷ ಐಆರ್‌ಎಸ್‌ಗೆ (ತೆರಿಗೆ ಇಲಾಖೆಗೆ) ಫೈಲಿಂಗು, ಇದೆಲ್ಲ ಯಾರು ಮಾಡುತ್ತಾರೆ? ಒಂದೇ ನಾಟಕಕ್ಕಾದರೆ ಫಿಸ್ಕಲ್ ಸ್ಪಾನ್ಸರ್ ಸಾಕು. ಅಂದರೆ 501ಸಿ3 ಇರುವ ಇನ್ನೊಂದು ಸಂಸ್ಥೆ ನಿಮ್ಮ ಯೋಜನೆಗೆ ಹಣ ಪಡೆದು ಲೆಕ್ಕ ಇಡುತ್ತದೆ. ನೂರಕ್ಕೆ 5ರಿಂದ 10 ಹಿಡಿದುಕೊಳ್ಳುವುದು ವಾಡಿಕೆ. ಸುಮ್ನೆ ಹೆಸರು ಎರವಲು ತಂದಂತೆ ಅಂದುಕೊಳ್ಳಬೇಡಿ, ಕಾನೂನಿನ ಪ್ರಕಾರ ಹಿಡಿತ ಅವರದ್ದೇ. ಒಪ್ಪಂದ ಬರವಣಿಗೆಯಲ್ಲಿರಲಿ.

ಬೆಲ್ ಹೊಡೆಯುವ ಮುಂಚೆ:
ನಾನು ಸ್ಕೂಲ್ ಕಡೆಯವಳು, ಅದಕ್ಕೇ ಹೇಳುತ್ತೇನೆ. ಸ್ಕೂಲ್ ಹೆಸರಲ್ಲಿ ಹಾಕುವುದಾದರೆ ಟೀಚರ್ ಹೂಂ ಅಂದರೆ ಸಾಲದು, ಎಷ್ಟೋ ಕಡೆ ಪ್ರಿನ್ಸಿಪಾಲ್ ಅಂದರೂ ಸಾಲದು. ಸಹಿ ಸ್ಕೂಲ್ ಡಿಸ್ಟ್ರಿಕ್ಟ್ ಆಫೀಸಿನಿಂದ ಬರಬೇಕು, ಚೆಕ್ಕೂ ಅಲ್ಲಿಗೇ ಹೋಗುತ್ತದೆ. ಅಲ್ಲಿಂದ ನಿಮ್ಮ ಕೈಗೆ ಬರಬೇಕಾದರೆ ವೆಂಡರ್ ಫಾರ್ಮ್, ಡಬ್ಲ್ಯೂ-9 ಅನ್ನುವ ತೆರಿಗೆ ಫಾರ್ಮ್, ಪರ್ಚೇಸ್ ಆರ್ಡರ್ (ಖರೀದಿಗೆ ಆಫೀಸಿನ ಒಪ್ಪಿಗೆ ಪತ್ರ). ನಮ್ಮಲ್ಲಿ ಒಂದು ಸಲ ಸೆಪ್ಟೆಂಬರಿನಲ್ಲಿ ಗ್ರಾಂಟ್ ಬಂತು. ಸೆಟ್ಟಿಗೆ ಬಣ್ಣ ಕೊಳ್ಳುವ ಪರ್ಚೇಸ್ ಆರ್ಡರ್ ಜನವರಿಯಲ್ಲಿ ಬಂತು. ಅಷ್ಟರಲ್ಲಿ ನಾಟಕ ಮುಗಿದು, ಸೆಟ್ ಬಿಚ್ಚಿ, ಹಲಗೆಗಳನ್ನು ಗೋಡೆಗೆ ಒರಗಿಸಿ ಆಗಿತ್ತು. ಬಣ್ಣದ ದುಡ್ಡು ಟೀಚರ್ ಕೈಯಿಂದಲೇ ಹೋಯಿತು. ರಶೀದಿಗಳು ಇನ್ನೂ ಅವರ ಡ್ರಾಯರಿನಲ್ಲಿವೆ.

ಹಾಗಾಗಿ ಮೊದಲು ಒಂದು ವಿಷಯ ಕೇಳಿ: ನಿಮ್ಮ ಸ್ಕೂಲಿನಲ್ಲಿ ಡ್ರಾಮಾ ಬೂಸ್ಟರ್ ಕ್ಲಬ್ ಇದೆಯಾ? ಪೋಷಕರು ನಡೆಸುವ ಈ ಕ್ಲಬ್‌ಗಳಲ್ಲಿ ಹಲವಕ್ಕೆ ಸ್ವಂತ 501ಸಿ3 ಇರುತ್ತದೆ. ಇದ್ದರೆ ಅವರ ಹೆಸರಲ್ಲೇ ಅರ್ಜಿ, ಜೊತೆಗೆ ಪ್ರಿನ್ಸಿಪಾಲ್ ಪತ್ರ. ನಿಮ್ಮ ಏಳು ಜನಕ್ಕೂ ಬ್ಯಾಕ್‌ಗ್ರೌಂಡ್ ಚೆಕ್ ಬೇಕಾಗಬಹುದು, ಈಗಲೇ ವಿಚಾರಿಸಿ.

ಬಾಲ್ಕನಿ ಸೀಟು:
ದುಡ್ಡು ಇಟ್ಟುಕೊಂಡು ಅಂದಿರಲ್ಲ, ಅದಕ್ಕೆ ಒಂದು ಮಾತು. ಈ ಕಮ್ಯೂನಿಟಿ ಫೌಂಡೇಶನ್ ಪದ್ಧತಿ ಶುರುವಾದದ್ದು 1914ರಲ್ಲಿ, ಕ್ಲೀವ್‌ಲ್ಯಾಂಡ್‌ನಲ್ಲಿ. ಫ್ರೆಡರಿಕ್ ಗಾಫ್ ಅಂತ ಬ್ಯಾಂಕಿನವರು. ಸತ್ತವರ ಉಯಿಲಿನ ದುಡ್ಡು ಹಳೇ ಕಾಲದ ಉದ್ದೇಶಕ್ಕೇ ಕಟ್ಟಿಬೀಳಬಾರದು, ಊರಿನ ಇಂದಿನ ಅಗತ್ಯಕ್ಕೆ ಬರಲಿ ಅನ್ನುವುದು ಅವರ ಯೋಚನೆ. ಈಗ ನೋಡಿದರೆ ತುಂಬಾ ಹಣ ಡೋನರ್ ಅಡ್ವೈಸ್ಡ್ ಫಂಡ್‌ಗಳಲ್ಲಿದೆ, ದಾನಿ ಸೂಚಿಸಿದ ಕಡೆ ಹೋಗುತ್ತದೆ. ಉಳಿದ ಮೂಲಧನದಲ್ಲಿ ವರ್ಷಕ್ಕೆ ನೂರಕ್ಕೆ 4 ಅಥವಾ 5 ಮಾತ್ರ ತೆಗೆಯುತ್ತಾರೆ. ನಿಮ್ಮಂಥವರ ಅರ್ಜಿಗೆ ಸಿಗುವುದು ಅದರಲ್ಲೂ ಒಂದು ಚೂರು. ದೊಡ್ಡ ಕೆರೆ, ಸಣ್ಣ ತೂಬು.

ನಿಮ್ಮ ಫೌಂಡೇಶನ್‌ನ ಫಾರ್ಮ್ 990 (ಐಆರ್‌ಎಸ್‌ಗೆ ಕೊಡುವ ವಾರ್ಷಿಕ ವರದಿ) ತೆಗೆದು ನೋಡಿ, ಪ್ರೋಪಬ್ಲಿಕಾದ ನಾನ್‌ಪ್ರಾಫಿಟ್ ಎಕ್ಸ್‌ಪ್ಲೋರರ್ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅದರ ಶೆಡ್ಯೂಲ್ ಐ ಅನ್ನುವ ಭಾಗದಲ್ಲಿ 5,000 ಡಾಲರಿಗಿಂತ ಜಾಸ್ತಿ ಪಡೆದ ಸಂಸ್ಥೆಗಳ ಹೆಸರು, ಮೊತ್ತ ಎಲ್ಲ ಇರುತ್ತದೆ. ಯಾವುದಾದರೂ ಬೂಸ್ಟರ್ ಕ್ಲಬ್ ಇದೆಯಾ ಹುಡುಕಿ. ಬರೆಯುವ ಮುಂಚೆ ಫೌಂಡೇಶನ್‌ನಲ್ಲಿ ಅರ್ಜಿಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ ಆಫೀಸರ್‌ಗೆ ಹತ್ತು ನಿಮಿಷ ಫೋನ್ ಮಾಡಿ. ಹೋದ ವರ್ಷ ಮಾಡಿದ್ದರೆ ಆ ಮೂರು ವಾರ ಉಳಿಯುತ್ತಿತ್ತು ಅಲ್ವಾ?

ಪರದೆ ಎಳೆಯುವವಳು:
ಅಯ್ಯೋ, ಫೋನ್ ಮಾಡಬಹುದು ಅನ್ನೋದೇ ಹೊಳೆದಿರಲಿಲ್ಲ. ಬೂಸ್ಟರ್ ಕ್ಲಬ್ ಇದೆ, 501ಸಿ3 ಕೂಡ ಇದೆಯಂತೆ, ಮಗಳೇ ಕೇಳಿಕೊಂಡು ಬಂದಳು. ಇನ್ನೊಂದು: ಬಜೆಟ್ಟಿನಲ್ಲಿ ನಮ್ಮ ಪುಕ್ಕಟೆ ದುಡಿಮೆ ತೋರಿಸಬೇಕಾ?

ಲೆಕ್ಕದ ಪುಸ್ತಕ:
ಖಂಡಿತ ತೋರಿಸಿ. ಗಂಟೆ ಲೆಕ್ಕ ಹಾಕಿ, ಇನ್-ಕೈಂಡ್ (ದುಡ್ಡಲ್ಲದ ಕೊಡುಗೆ) ಅಂತ ಬೇರೆ ಕಾಲಂ ಮಾಡಿ. ನಾಟಕದ ಹಕ್ಕಿನ ಶುಲ್ಕ, ಶನಿವಾರ ಸಭಾಂಗಣ ತೆರೆಯುವವರ ಓವರ್‌ಟೈಮ್ ಇವೆರಡನ್ನೂ ಮರೆಯಬೇಡಿ, ಮರೆತರೆ ಕೊನೆಗೆ ನಿಮ್ಮ ಪರ್ಸಿಗೇ ಕೈ ಹೋಗುತ್ತೆ. ಮತ್ತೆ, ಗ್ರಾಂಟ್ ಸಿಗುವ ಮುಂಚೆ ಮಾಡಿದ ಖರ್ಚನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅವರು ತೀರ್ಮಾನ ಹೇಳುವ ದಿನ ಯಾವುದು ಕೇಳಿ, ಆಮೇಲೇ ರಿಹರ್ಸಲ್ ತಾರೀಖು ಹಾಕಿ.

ಪರದೆ ಎಳೆಯುವವಳು:
ಶನಿವಾರದ ಓವರ್‌ಟೈಮ್ ನಮ್ಮ ಹಾಳೆಯಲ್ಲೇ ಇರಲಿಲ್ಲ. ಸೋಮವಾರ ಫೋನ್ ಮಾಡಿ ಇಲ್ಲೇ ಬರೆಯುತ್ತೇನೆ.