ಬಿದರಿ ಕೆತ್ತನೆ ಮಾಡೋರ ಭುಜ ಮುಂದ ಬಂದಾವ, ಬಾಡಿವರ್ಕಿನಿಂದ (ಕೈಲೆ ಮೈ ತಿಕ್ಕಿ, ಒತ್ತಿ ಮಾಡೋ ಚಿಕಿತ್ಸಾದಿಂದ) ನೆಟ್ಟಗಾಗ್ತದೇನ್ರಿ?

ಬೀದರ_ಓಣಿ: ಬಿದರಿ ಕೆತ್ತನೆಯಾಗ ದಿನಕ್ಕ ಏಳೆಂಟು ತಾಸು ನೆಲದ ಮ್ಯಾಲ ಕುಂತು ಉಳಿ ಮ್ಯಾಲ ಬಗ್ಗಿರಬೇಕು. ಭುಜ ಮುಂದ ಜಗ್ಗ್ಯಾವ, ಕುತ್ತಿಗಿ ಬಾಗ್ಯದ. ಬೆನ್ನು ತಿಕ್ಕಿಸಿದ್ರ ಎರಡು ದಿನ ಹಗುರ, ಆಮ್ಯಾಲ ಮತ್ತ ಅದೇ ಹಾಡು. ಹತ್ತು ಸಲದ ರಾಲ್ಫಿಂಗ್ ಅಂತಾರಲ್ಲ, ಕೈಲೆ ಒತ್ತಿ ಮೈ ಭಂಗಿ ನೆಟ್ಟಗ ಮಾಡೋ ಪದ್ಧತಿ, ಅದು ಉಪಯೋಗಕ್ಕ ಬರ್ತದೇನು?

ಫಿಸಿಯೋ_ಕಲಬುರಗಿ: ನೋವು ಬೆನ್ನಾಗ, ಬಿಗಿ ಎದಿಯಾಗ. ಬೆನ್ನಿನ ಮ್ಯಾಲಿನ ಸ್ನಾಯು ಮೊದಲೇ ಎಳೆದು ಉದ್ದಾಗಿರ್ತಾವ. ಅವನ್ನ ತಿಕ್ಕಿದ್ರ ಹಿತ ಅನಸ್ತದ, ಭುಜ ಹಿಂದ ಬರಂಗಿಲ್ಲ. ಸಡಿಲಾಗಬೇಕಾದ್ದು ಪೆಕ್ಟೊರಾಲಿಸ್ ಮೈನರ್. 3ರಿಂದ 5ನೇ ಪಕ್ಕೆಲುಬಿನಿಂದ ಭುಜದ ಮುಂದಿನ ಎಲುಬಿನ ಮೊನೆಗೆ ಹೋಗೋ ಸಣ್ಣ ಸ್ನಾಯು ಅದು.

ಗೋಡಿಗೆ ಮುಖ ಮಾಡಿ ನಿಂತು, ಕೊರಳೆಲುಬಿನ ಕೆಳಗ ಎರಡು ಬೆರಳು ಬಿಟ್ಟು, ಭುಜದ ಕೀಲಿನಿಂದ ಒಳಗ ಟೆನಿಸ್ ಚೆಂಡು ಒತ್ರಿ. 60ರಿಂದ 90 ಸೆಕೆಂಡ್, ಉಸಿರು ಬಿಗಿ ಹಿಡಿಬ್ಯಾಡ್ರಿ. ಬೆರಳು ಜುಮು ಅಂದ್ರ ಚೆಂಡು ನರದ ಮ್ಯಾಲ ಕುಂತದ, ಎದಿ ನಡುವಿನ ಕಡಿ ಸರಿಸ್ರಿ.

ಸಡಿಲ ಮಾಡಿ ಸುಮ್ಮನಿದ್ರ ಅರ್ಧ ಕೆಲಸ. ಗದ್ದ ಒಳಗ ಎಳೆದು 5 ಸೆಕೆಂಡ್, 10 ಸಲ. ರಬ್ಬರ್ ಪಟ್ಟಿ ಕಿಟಕಿ ಸರಳಿಗೆ ಕಟ್ಟಿ ಮೊಣಕೈ ಹಿಂದ ಎಳೆಯೋದು 12 ಸಲ, ಎರಡು ಸುತ್ತು, ವಾರಕ್ಕ ಮೂರು ದಿನ. ಎದಿ ಉಬ್ಬಿಸಿ ಭುಜ ಹಿಂದ ತಳ್ಳಿ ನಿಲ್ಲಬ್ಯಾಡ್ರಿ. ಸೊಂಟ ಒಳಗ ಬಾಗಿ ನೋವು ಕೆಳಗ ಇಳಿತದ.

ಯಾದಗಿರಿ_ಮಂದಿ: ರಾಲ್ಫಿಂಗ್ ಅಮೆರಿಕದ ಐಡಾ ರಾಲ್ಫ್ (1896–1979) ಅವರದ್ದು, ಜೀವರಸಾಯನ ಶಾಸ್ತ್ರ ಓದಿದೋರು. ಮೊದಲ 3 ಸಲ ಮೇಲ್ಪದರ, ಅಂದ್ರ ಉಸಿರು, ಪಾದ, ಮೈಯ ಪಕ್ಕ. 4ರಿಂದ 7 ಒಳಪದರ. ಕಡಿ 3 ಎಲ್ಲಾ ಕೂಡಿಸೋದು. ಸ್ನಾಯು ಸುತ್ತಿದ ಪೊರೆ, ಅಂದ್ರ ಫೇಸಿಯಾ, ಕೈಯೊತ್ತಿಗೆ ಮೇಣದಂಗ ಕರಗ್ತದ ಅನ್ನೋದು ಜಾಸ್ತಿ ಆಯ್ತು. ಆ ಸಡಿಲ ಬಹುಪಾಲು ನರಮಂಡಲದ್ದು, ಅದಕ್ಕೇ ಕುಂತ ಭಂಗಿ ಬದಲಾಗಲಿಲ್ಲಂದ್ರ ವಾಪಸ್ ಬಿಗೀತದ. ರೊಕ್ಕ ಹಾಕೋ ಮೊದಲು ಕುಂಡಿ ಕೆಳಗ ನಾಲ್ಕು ಬೆರಳೆತ್ತರದ ಮಣಿ ಹಾಕ್ರಿ, ಕೆತ್ತೋ ಸಾಮಾನು ಒಂದು ಗೇಣು ಎತ್ತರಕ್ಕ ಇಡ್ರಿ.

ಬೀದರ_ಓಣಿ: ಮಣಿ ಹಾಕಿದ್ರ ಮೊಣಕಾಲಿಗೆ ಭಾರ ಬೀಳಂಗಿಲ್ಲೇನು?

ಯಾದಗಿರಿ_ಮಂದಿ: ಇಲ್ರೀ, ಮೊಣಕಾಲು ಸೊಂಟಕ್ಕಿಂತ ಕೆಳಗ ಇರ್ತಾವ, ಮಡಚೋದು ಕಮ್ಮಿ. ಅರ್ಧ ತಾಸಿಗೊಮ್ಮೆ ಎದ್ದು ನಿಲ್ಲೋದು ತಪ್ಪಂಗಿಲ್ಲ.

ಫಿಸಿಯೋ_ಕಲಬುರಗಿ: ರಕ್ತ ತೆಳು ಮಾಡೋ ಗುಳಿಗಿ ತಗೊಳ್ಳೋರಿಗೆ, ಎಲುಬು ಸವದವರಿಗೆ ಜೋರು ಒತ್ತು ಬ್ಯಾಡ. ಕೈಯಾಗಿನ ಉಳಿ ಜಾರಿ ಬೀಳ್ತಿದ್ರ ಚೆಂಡು ಬಿಟ್ಟು ಡಾಕ್ಟರ್ ಹತ್ರ ಹೋಗ್ರಿ. ಮತ್ತ ಕಟಿಂಗ್ ಅಂಗಡ್ಯಾಗ ಕುತ್ತಿಗಿ ಲಟಕ್ ಅನಸೋದು ಬ್ಯಾಡೇ ಬ್ಯಾಡ. ಮಿದುಳಿಗೆ ಹೋಗೋ ರಕ್ತನಾಳ ಹರಿಯಬಹುದು.