ಸಹಾಯ ಬೇಕು: ವಕೀಲರಿಲ್ಲದ ಸಿವಿಲ್ ಕೇಸು, 90 ದಿನ ದಾಟಿದೆ

ಕೊಡಗಿನ ಒಂದು ಸಿವಿಲ್ ಕೋರ್ಟಿನಲ್ಲಿ ಚಿಕ್ಕಮ್ಮನ ಮೇಲೆ ದಾವೆ ಇದೆ. ಕಾಫಿ ತೋಟದ ಬೇಲಿ ವಿಚಾರ, ಶಾಶ್ವತ ತಡೆಯಾಜ್ಞೆ ಕೇಳಿದ್ದಾರೆ. ವಕೀಲರಿಲ್ಲ, ಅವರೇ ಹಾಜರಾಗುತ್ತಿದ್ದಾರೆ. ಹದ್ದುಬಸ್ತು ನಕ್ಷೆ (ಜಮೀನಿನ ಗಡಿ ಗುರುತಿಸಿದ ನಕ್ಷೆ) ಕೈಸೇರುವಷ್ಟರಲ್ಲಿ ಲಿಖಿತ ಹೇಳಿಕೆ (ದಾವೆಗೆ ಪ್ರತಿವಾದಿ ಬರೆದು ಕೊಡುವ ಉತ್ತರ) ಸಲ್ಲಿಸುವ 30 ದಿನ ಮುಗಿದು, ಹೆಚ್ಚೆಂದರೆ ಸಿಗುವ 90 ದಿನವೂ ದಾಟಿತು. ಈಗ 'ಲಿಖಿತ ಹೇಳಿಕೆ ಸಲ್ಲಿಸಿಲ್ಲ' ಎಂದು ಬರೆದು ಕೇಸನ್ನು ವಾದಿಯ ಸಾಕ್ಷ್ಯಕ್ಕೆ ಇಟ್ಟಿದ್ದಾರೆ.

ನ್ಯಾಯಾಧೀಶರು ಗದರಲಿಲ್ಲ, ಸಮಾಧಾನವಾಗಿಯೇ ಕೇಳಿಸಿಕೊಂಡರು. ಆದರೆ ಬಾಯಿಮಾತಿನ ಮನವಿಗೆ "ಅರ್ಜಿ ಹಾಕಿ" ಎಂದಷ್ಟೇ ಹೇಳಿದರು. ಯಾವ ಅರ್ಜಿ ಅಂತ ಬಿಡಿಸಿ ಹೇಳಿದರೆ ಒಂದು ಪಕ್ಷಕ್ಕೆ ಸಲಹೆ ಕೊಟ್ಟ ಹಾಗಾಗುತ್ತದೆ, ಅದು ಸರಿಯೇ.

ಮಹಿಳೆಯರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ (1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, ಕಲಂ 12). ಅದಕ್ಕೂ ಅರ್ಜಿ ಕೊಟ್ಟಾಗಿದೆ, ಆದರೆ ವಾಯಿದೆ ಹತ್ತಿರ ಬಂದಿದೆ. ಸಾಮಾನ್ಯ ದಾವೆಯಲ್ಲಿ 90 ದಿನದ ಮಿತಿ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2005ರ ಕೈಲಾಶ್ ಪ್ರಕರಣದಲ್ಲಿ ಹೇಳಿದೆ; ವಾಣಿಜ್ಯ ದಾವೆಯ ಲೆಕ್ಕ ಬೇರೆ.

ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 8 ನಿಯಮ 1 ಮತ್ತು ಕಲಂ 151ರಡಿ ಐಎ (ಮಧ್ಯಂತರ ಅರ್ಜಿ), ತಡವಾದ ಕಾರಣ ಬರೆದ ಪ್ರಮಾಣಪತ್ರ (ಅಫಿಡವಿಟ್), ಲಿಖಿತ ಹೇಳಿಕೆ, ನಕ್ಷೆಯ ದೃಢೀಕೃತ ನಕಲು, ಎದುರು ವಕೀಲರಿಗೆ ಒಂದು ಸೆಟ್, ಇಷ್ಟು ತಯಾರಿದೆ.

ವಾದಿಯ ಮುಖ್ಯ ವಿಚಾರಣೆಯ ಪ್ರಮಾಣಪತ್ರ ಆಗಲೇ ಸಲ್ಲಿಕೆಯಾಗಿದೆ, ಪಾಟೀಸವಾಲು ಬಾಕಿ. ಈ ಹಂತದಲ್ಲಿ ಒಂದೇ ಐಎ ಸಾಕೇ, ಅಥವಾ 'ಸಲ್ಲಿಸಿಲ್ಲ' ಎಂಬ ಆದೇಶ ಹಿಂಪಡೆಯಲು ಬೇರೆ ಅರ್ಜಿಯೂ ಬೇಕೇ?