ಭಾನುವಾರದ ಕೋಟೆ ಪ್ಲಾನ್: ಸಾವನದುರ್ಗ ಬೇಡ, ಹುತ್ರಿದುರ್ಗ ಹತ್ತೋಣ

ಎಲ್ಲರಿಗೂ ನಮಸ್ಕಾರ. ವಾಯ್ಸ್ ಮೆಸೇಜ್ ಹಾಕಿದರೆ ಯಾರೂ ಕೊನೆವರೆಗೆ ಕೇಳುವುದಿಲ್ಲ. ಆಮೇಲೆ ಒಬ್ಬೊಬ್ಬರೇ ಫೋನ್ ಮಾಡಿ "ಎಷ್ಟು ಗಂಟೆಗೆ ಅಂದೆ?" ಅಂತ ಕೇಳುತ್ತೀರಿ. ಅದಕ್ಕೆ ಮಾತಾಡಿದ ಹಾಗೇ ಟೈಪ್ ಮಾಡುತ್ತಿದ್ದೇನೆ. ಉದ್ದ ಇದೆ, ಕಾಫಿ ಇಟ್ಟುಕೊಂಡು ಓದಿ.

ಗ್ರೂಪಿಗೆ ಈಗ ಬಂದವರಿಗೆ ವಿಷಯ ಹೇಳಿಬಿಡುತ್ತೇನೆ. ಸಂಕ್ರಾಂತಿಗೆ ಮುಂಚಿನ ಭಾನುವಾರ ಎಲ್ಲರೂ ಸೇರಿ ಒಂದು ಬೆಟ್ಟದ ಕೋಟೆ ಹತ್ತೋಣ, ಬೆಳಿಗ್ಗೆ ಹೋಗಿ ಸಂಜೆ ಒಳಗೆ ಮನೆ ಸೇರಬೇಕು, ಎಲ್ಲಿಗೆ ಹೋಗುವುದು ಅಂತ ಕುವೆಂಪುನಗರದ ಚಿಕ್ಕಪ್ಪ ಕೇಳಿದರು. ಹುಡುಗರು ಸಾವನದುರ್ಗ ಅಂದರು. ಮಾವ ಕಬ್ಬಾಳದುರ್ಗ ಅಂದರು. ಗುತ್ತಲು ಅತ್ತೆ "ಕುಂತಿಬೆಟ್ಟ ಸಾಕು ಬಿಡ್ರಪ್ಪಾ, ಹತ್ತಿರ" ಅಂದರು. ಅಷ್ಟರಲ್ಲಿ ಯಾರೋ ಗುಡ್ ಮಾರ್ನಿಂಗ್ ಹೂವಿನ ಫೋಟೋ ಹಾಕಿದರು, ಮಾತು ಅಲ್ಲೇ ನಿಂತಿತು.

ನನ್ನ ಓಟು ಹುತ್ರಿದುರ್ಗಕ್ಕೆ. ಕುಣಿಗಲ್ ತಾಲ್ಲೂಕಿನದು, ಕೆಂಪೇಗೌಡರ ಕೋಟೆ. ಎತ್ತರ ಸಮುದ್ರಮಟ್ಟದಿಂದ 1,100 ಮೀಟರಿಗಿಂತ ಸ್ವಲ್ಪ ಜಾಸ್ತಿ. ಯಾಕೆ ಇದೇ ಅಂದರೆ, ನಮ್ಮ ಗುಂಪಿನಲ್ಲಿ ಓಡಿ ಹತ್ತುವವರೂ ಇದ್ದಾರೆ, ಮಂಡಿ ನೋವಿನವರೂ ಇದ್ದಾರೆ, ಎತ್ತಿಕೋ ಅನ್ನುವ ಪುಟಾಣಿಗಳೂ ಇದ್ದಾರೆ. ಹುತ್ರಿದುರ್ಗದಲ್ಲಿ ಬುಡದ ಹಳ್ಳಿಯಿಂದಲೇ ಕೋಟೆ ಶುರುವಾಗುತ್ತದೆ. ಹತ್ತುತ್ತಾ ಹೋದ ಹಾಗೆ ಒಂದರ ಮೇಲೊಂದು ಕಲ್ಲಿನ ಬಾಗಿಲು ಸಿಗುತ್ತದೆ. ಕಾಲಲ್ಲಿ ಎಷ್ಟು ಶಕ್ತಿ ಇದೆಯೋ ಅಷ್ಟು ಬಾಗಿಲು ದಾಟಿ, ಅಲ್ಲೇ ನೆರಳಲ್ಲಿ ಕೂತರೂ ಕೋಟೆ ನೋಡಿದ ಹಾಗೇ ಆಗುತ್ತದೆ. ಸಾವನದುರ್ಗ ಹಾಗಲ್ಲ. ಅಲ್ಲಿ ತುದಿ ಮುಟ್ಟಿದರೆ ಉಂಟು, ಇಲ್ಲದಿದ್ದರೆ ಅರ್ಧ ಬಂಡೆ ಮೇಲೆ ಬಿಸಿಲಲ್ಲಿ ಕೂತು ಬೇರೆಯವರಿಗೆ ಕಾಯಬೇಕು.

ಹುಡುಗರು ಬೇಜಾರು ಮಾಡಿಕೊಳ್ಳಬೇಡಿ. ಸಾವನದುರ್ಗ ದೊಡ್ಡ ಬೆಟ್ಟ, 1,226 ಮೀಟರ್. ಏಷ್ಯಾದಲ್ಲೇ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು ಅಂತ ಹೆಸರು. ಕರಿಗುಡ್ಡ, ಬಿಳಿಗುಡ್ಡ ಅಂತ ಎರಡು ಭಾಗ. ನೀವು ನೀವೇ ಇನ್ನೊಂದು ದಿನ ಖಂಡಿತ ಹೋಗಿ. ಆದರೆ ಅದು ಪೂರ್ತಿ ಬೋಳು ಬಂಡೆ, ನೆರಳು ಅನ್ನುವುದು ಇಲ್ಲವೇ ಇಲ್ಲ ಅಂದರೂ ಸರಿ. ಹತ್ತುವುದಕ್ಕಿಂತ ಇಳಿಯುವಾಗ ಭಯ ಜಾಸ್ತಿ. ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ಮುಂಚೆಯೇ ಮಾಡಿಸಬೇಕು. ನಮ್ಮ ಮನೆಯಲ್ಲಿ ಹಿಂದಿನ ದಿನ ರಾತ್ರಿವರೆಗೂ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಅನ್ನುವುದೇ ಗೊತ್ತಾಗುವುದಿಲ್ಲ, ಇನ್ನು ಟಿಕೆಟ್ ಯಾರ ಹೆಸರಿಗೆ ಮಾಡಿಸುವುದು?

ಮಾವ, ಕಬ್ಬಾಳದುರ್ಗ ನನಗೂ ಇಷ್ಟವೇ. ಕಬ್ಬಾಳಮ್ಮನ ದರ್ಶನವೂ ಆಗುತ್ತಿತ್ತು. ಮೈಸೂರಿನವರಿಗೆ ಆ ಬೆಟ್ಟದ ಕಥೆ ಬೇರೆ ಇದೆ. ದಳವಾಯಿಗಳು ಏಳನೇ ಚಾಮರಾಜ ಒಡೆಯರನ್ನು ಪಟ್ಟದಿಂದ ಇಳಿಸಿ ಅಲ್ಲೇ ಸೆರೆ ಇಟ್ಟರು, 1734ರಲ್ಲಿ ಒಡೆಯರು ಅಲ್ಲೇ ತೀರಿಕೊಂಡರು. ಆದರೆ ಮೇಲೆ ಹೋಗುತ್ತಾ ಬಂಡೆ ಸಿಕ್ಕಾಪಟ್ಟೆ ಕಡಿದು. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಬೇಡ ಅನ್ನಿಸುತ್ತದೆ. ಇನ್ನು ಕುಂತಿಬೆಟ್ಟ ಅತ್ತೆ, ಪಾಂಡವಪುರ ನಮಗೆ ಪಕ್ಕದ ಮನೆ ಇದ್ದ ಹಾಗೆ, ಯಾವ ಸಂಜೆ ಬೇಕಾದರೂ ಹೋಗಿ ಬರಬಹುದು. ಅಲ್ಲಿ ಬಂಡೆ ಜಾಸ್ತಿ, ಕೋಟೆ ಕಮ್ಮಿ. ಮಕ್ಕಳು ಕೇಳಿರುವುದು ಕೋಟೆ.

ಈಗ ದಾರಿ. ಮೈಸೂರಿನವರು ನಾಲ್ಕೂವರೆಗೆ ಹೊರಡಬೇಕು. ಹೌದು, ನಾಲ್ಕೂವರೆ, ಬೆಳಗಿನ ಜಾವ. ಬಯ್ಯಬೇಡಿ, ಧನುರ್ಮಾಸ ಅಂತ ಅತ್ತೆ, ದೊಡ್ಡಮ್ಮ ಎಲ್ಲ ಹೇಗೂ ಆ ಹೊತ್ತಿಗೆ ಎದ್ದು ಸ್ನಾನ ಮಾಡಿ ಕೂತಿರುತ್ತಾರೆ, ಕಷ್ಟ ಇರುವುದು ಗಂಡಸರಿಗೆ. ಐದೂವರೆಗೆ ಮಂಡ್ಯದಲ್ಲಿ ನಮ್ಮನ್ನು ಹತ್ತಿಸಿಕೊಳ್ಳಿ. ಅಲ್ಲಿಂದ ಮದ್ದೂರು ಸುಮಾರು 20 ಕಿಲೋಮೀಟರ್. ಡ್ರೈವರ್‌ಗೆ ಮೊದಲೇ ಹೇಳಿ, ಎಕ್ಸ್‌ಪ್ರೆಸ್‌ವೇ ಮೇಲೇ ಸುಮ್ನೆ ಹೋಗುತ್ತಿದ್ದರೆ ಮದ್ದೂರು ಊರೊಳಗೆ ಬರುವುದೇ ಇಲ್ಲ, ಬೈಪಾಸ್ ದಾಟಿ ಚನ್ನಪಟ್ಟಣದ ಕಡೆ ಹೋಗಿಬಿಡುತ್ತಾನೆ. ಮುಂಚೆಯೇ ಸರ್ವಿಸ್ ರಸ್ತೆಗೆ ಇಳಿಯಬೇಕು. ಬೈಕ್‌ನಲ್ಲಿ ಬರುತ್ತೇವೆ ಅಂದ ಇಬ್ಬರಿಗೂ ಒಂದು ಮಾತು: 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ಬರಬೇಕು. ಕತ್ತಲೆಯಲ್ಲಿ ಆ ಹಂಪುಗಳ ಮೇಲೆ ಯಾಕೆ ಒದ್ದಾಡುತ್ತೀರಿ, ಟಿಟಿಯಲ್ಲಿ (ಟೆಂಪೋ ಟ್ರಾವೆಲರ್) ಸೀಟು ಇದೆ, ಬನ್ನಿ.

ಮದ್ದೂರಲ್ಲಿ ಇಡ್ಲಿ, ಕಾಫಿ. ವಡೆ ವಾಪಸ್ ಬರುವಾಗ. ಬೆಳಿಗ್ಗೆಯೇ ಎಣ್ಣೆ ತಿಂದು ಬೆಟ್ಟ ಹತ್ತಿದರೆ ಅರ್ಧ ದಾರಿಯಲ್ಲೇ ಎದೆಯುರಿ. ಶುಗರ್ ಇರುವವರು ಮಾತ್ರ "ಸ್ನಾನ ಆಯ್ತು, ಉಪವಾಸ" ಅಂತ ಖಾಲಿ ಹೊಟ್ಟೆಯಲ್ಲಿ ಹತ್ತುವಂತಿಲ್ಲ. ಚಿಕ್ಕಪ್ಪ, ಇದು ನಿಮಗೇ.

ಮದ್ದೂರಿನಿಂದ ತುಮಕೂರು ರಸ್ತೆ ಹಿಡಿದರೆ ಹುಲಿಯೂರುದುರ್ಗ ಸಿಗುತ್ತದೆ. ಇಲ್ಲಿ ಹುಷಾರು. ಹೆಸರು ಹೆಚ್ಚು ಕಮ್ಮಿ ಒಂದೇ ಥರ ಇರುವುದರಿಂದ ಡ್ರೈವರ್ ಇಲ್ಲೇ ನಿಲ್ಲಿಸಿ "ಬಂತು ಇಳೀರಿ" ಅನ್ನುತ್ತಾನೆ. ಊರ ಪಕ್ಕದಲ್ಲೇ ಬೆಟ್ಟವೂ ಕಾಣುತ್ತದೆ, ನೀವೂ ನಂಬಿಬಿಡುತ್ತೀರಿ. ಅದು ಬೇರೆ ದುರ್ಗ. ನಮಗೆ ಬೇಕಾಗಿರುವುದು ಹುತ್ರಿದುರ್ಗ, ಅಲ್ಲಿಂದ ಇನ್ನೂ ಮುಂದೆ. ಬುಡದ ಹಳ್ಳಿಯ ಹೆಸರು ಸಂತೆಪೇಟೆ. ಮ್ಯಾಪ್‌ನಲ್ಲಿ ಎರಡೂ ಹೆಸರು ಹಾಕಿ ನೋಡಿ, ಕೊನೆಯಲ್ಲಿ ಊರವರನ್ನೇ ಕೇಳಿ. ಹಳ್ಳಿ ರಸ್ತೆ ಸಣ್ಣದು, ಎದುರಿಗೆ ಹುಲ್ಲಿನ ಗಾಡಿ ಬಂದರೆ ಹಿಂದೆ ಹೋಗಬೇಕಾಗುತ್ತದೆ. ಹೊತ್ತು ಹುಟ್ಟುವುದು ಸುಮಾರು ಆರೂ ಮುಕ್ಕಾಲಿಗೆ. ಏಳೂವರೆಗೆ ಹತ್ತಲು ಶುರು ಮಾಡಿದರೆ ಒಳ್ಳೆಯದು.

ಹತ್ತಲು ಒಂದೂವರೆ ಗಂಟೆ ಇಟ್ಟುಕೊಳ್ಳಿ. ನಮ್ಮವರು ಫೋಟೋ ತೆಗೆಯುವುದನ್ನೂ ಸೇರಿಸಿದರೆ ಎರಡು. ಮೊದಲು ಹಳ್ಳಿಯ ಮನೆಗಳ ನಡುವೆ, ಆಮೇಲೆ ಪೊದೆ, ಹುಲ್ಲು, ಆಮೇಲೆ ಬಂಡೆ. ಕಡಿದಾದ ಕಡೆ ಬಂಡೆಯಲ್ಲೇ ಮೆಟ್ಟಿಲು ಕೊರೆದಿದ್ದಾರೆ. ಮಕ್ಕಳಿಗೆ ಬಾಗಿಲುಗಳ ಹತ್ತಿರ ನಿಲ್ಲಿಸಿ ತೋರಿಸಿ. ಹಳೇ ಕೋಟೆಗಳಲ್ಲಿ ಬಾಗಿಲಿಗೆ ನೇರ ದಾರಿ ಬಿಡುತ್ತಿರಲಿಲ್ಲ, ತಿರುಗಿಸಿ ತಿರುಗಿಸಿ ಬಿಡುತ್ತಿದ್ದರು. ಆನೆ ಬಿಟ್ಟು ಬಾಗಿಲು ಒಡೆಸಬೇಕು ಅಂದರೆ ಅದಕ್ಕೆ ಓಡಿ ಬರಲು ಜಾಗ ಬೇಕಲ್ವಾ, ತಿರುವಿನಲ್ಲಿ ಆ ಜಾಗವೇ ಸಿಗುವುದಿಲ್ಲ. ಜೊತೆಗೆ ತಿರುಗುವ ಕಡೆ ಮೇಲಿನಿಂದ ಕಲ್ಲು ಉರುಳಿಸಬಹುದು. ಹುಡುಗರು ಮೊಬೈಲ್‌ನಲ್ಲಿ ಆಡುವ ಕೋಟೆ ಆಟದಲ್ಲಿ ಇದೆಲ್ಲ ಬರುತ್ತದಂತೆ, ನಮ್ಮ ಪುಟ್ಟನೇ ಹೇಳಿದ.

ತುದಿಯಲ್ಲಿ ಶಂಕರೇಶ್ವರನ ಗುಡಿ ಇದೆ, ಮುಂದೆ ನಂದಿ. ದೊಡ್ಡ ದೇವಸ್ಥಾನ ಅಂತ ಅಂದುಕೊಂಡು ಬರಬೇಡಿ, ಸಣ್ಣದು. ನಾನು ಆಸೆಪಡುವುದು ಅಲ್ಲಿಂದ ಕಾಣುವ ನೋಟಕ್ಕೆ. ಮಂಜು ಕರಗಿದ್ದರೆ ಒಂದು ಕಡೆ ಸಾವನದುರ್ಗ, ಇನ್ನೊಂದು ಕಡೆ ಶಿವಗಂಗೆ. ಮೇಲೆ ನಿಂತು ನೋಡಿದರೆ ಈ ಬೆಟ್ಟಗಳಿಗೆಲ್ಲ ಯಾಕೆ ಕೋಟೆ ಕಟ್ಟಿದರು ಅನ್ನುವುದು ತಾನಾಗೇ ಗೊತ್ತಾಗುತ್ತದೆ. ಮಾಗಡಿ ಕೆಂಪೇಗೌಡರ ವಂಶದವರ ಕೈಯಲ್ಲಿ ಸಾವನದುರ್ಗ 1728ರವರೆಗೆ ಇತ್ತು. ಆಮೇಲೆ ಮೈಸೂರಿನ ದಳವಾಯಿ ಗೆದ್ದುಕೊಂಡ, ಕೊನೆಯ ಕೆಂಪೇಗೌಡರನ್ನು ಶ್ರೀರಂಗಪಟ್ಟಣಕ್ಕೆ ತಂದು ಸೆರೆ ಹಾಕಿದರು.

ಚಿಕ್ಕಪ್ಪ, ನಿಮಗೆ ಇಷ್ಟ ಆಗುವ ಭಾಗ ಈಗ ಬರುತ್ತದೆ, ಟಿಪ್ಪು ಕಾಲದ್ದು. 1791ರ ಮೇ ತಿಂಗಳಲ್ಲಿ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲವರೆಗೂ ಬಂದಿದ್ದ. ಆದರೆ ಮಳೆ ಹಿಡಿಯಿತು, ಸೈನ್ಯಕ್ಕೆ ಅಕ್ಕಿ ಇಲ್ಲ, ಎತ್ತುಗಳು ಸಾಲುಸಾಲಾಗಿ ಸತ್ತವು. ದೊಡ್ಡ ಫಿರಂಗಿ ಎಳೆಯಲು ಎತ್ತೇ ಇಲ್ಲದೆ ಅವನ್ನು ತಾನೇ ಒಡೆದು ಹಾಕಿ ಬೆಂಗಳೂರಿಗೆ ವಾಪಸ್ ಹೋದ. ಮತ್ತೆ ಬರುವ ಮುಂಚೆ ದಾರಿ ಕಾಯುವ ದುರ್ಗಗಳನ್ನು ಒಂದೊಂದಾಗಿ ಹಿಡಿದ. ಇವು ಟಿಪ್ಪು ಕೈಯಲ್ಲೇ ಉಳಿದರೆ ಹಿಂದಿನಿಂದ ಬರುವ ಅಕ್ಕಿ ಗಾಡಿ ಒಂದೂ ಮುಟ್ಟುವುದಿಲ್ಲ ಅಂತ ಅವನಿಗೆ ಗೊತ್ತಾಗಿತ್ತು. ಅಕ್ಟೋಬರ್‌ನಲ್ಲಿ ನಂದಿದುರ್ಗ ಹೋಯಿತು. ಡಿಸೆಂಬರ್ 21ಕ್ಕೆ ಸಾವನದುರ್ಗ ಹೋಯಿತು, ಇದನ್ನು ಯಾರೂ ಹಿಡಿಯಲಾರರು ಅಂತ ಹೆಸರಾಗಿದ್ದ ಕೋಟೆ ಅದು. ಅದು ಬಿದ್ದ ಕೆಲವೇ ದಿನಗಳಲ್ಲಿ ನಮ್ಮ ಹುತ್ರಿದುರ್ಗವೂ ಬಿತ್ತು. 1792ರ ಫೆಬ್ರವರಿಯಲ್ಲಿ ಅವನು ಮತ್ತೆ ಶ್ರೀರಂಗಪಟ್ಟಣದ ಮುಂದೆ ನಿಂತಿದ್ದ. ಆ ಸಲ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. ಆ ಇಬ್ಬರು ಮಕ್ಕಳ ಕಥೆ ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ, ಅದಕ್ಕೂ ಈ ಬೆಟ್ಟಕ್ಕೂ ಇರುವ ನಂಟು ಮಾತ್ರ ಯಾರೂ ಹೇಳಿಕೊಡಲಿಲ್ಲ. ಮೇಲೆ ಕೂತಾಗ ನೀವೇ ಮಕ್ಕಳಿಗೆ ಹೇಳಿ, ನಿಮ್ಮ ಬಾಯಲ್ಲಿ ಚೆನ್ನಾಗಿರುತ್ತದೆ.

ಹತ್ತು ಗಂಟೆ ಆದ ತಕ್ಷಣ ಯಾರು ಎಲ್ಲಿದ್ದರೂ ಅಲ್ಲಿಂದಲೇ ವಾಪಸ್. ತುದಿ ಇನ್ನೇನು ಕಾಣುತ್ತಿದೆ ಅಂದರೂ ವಾಪಸ್. ಜನವರಿ ಅಂತ ಬೆಳಿಗ್ಗೆ ಸ್ವೆಟರ್ ಹಾಕಿಕೊಂಡಿರುತ್ತೀರಿ, ಹನ್ನೊಂದರ ಮೇಲೆ ಅದೇ ಬಂಡೆ ಕಾದು ಕೈ ಇಡಲು ಆಗುವುದಿಲ್ಲ. ಇಳಿಯುವಾಗ ಮಂಡಿ ನಡುಗುವುದು ಆಗಲೇ. ಎಲ್ಲರಿಗಿಂತ ನಿಧಾನ ಯಾರೋ ಅವರ ಹಿಂದೆ ನಾನಿರುತ್ತೇನೆ, ನನ್ನ ಹಿಂದೆ ಯಾರೂ ಇರಬಾರದು. ಕಡಿದಾದ ಕಡೆ ಕೂತು ಜಾರಿಕೊಂಡು ಬಂದರೆ ಮರ್ಯಾದೆ ಏನೂ ಹೋಗುವುದಿಲ್ಲ, ಪ್ಯಾಂಟ್ ಮಾತ್ರ ಹಳೆಯದು ಹಾಕಿಕೊಳ್ಳಿ. ಚಪ್ಪಲಿ ಬೇಡ, ಸವೆದ ಶೂ ಅದಕ್ಕಿಂತ ಬೇಡ. ಹಿಂದಿನ ರಾತ್ರಿ ಮಳೆ ಬಂದರೆ ಪ್ಲಾನ್ ಕ್ಯಾನ್ಸಲ್, ಮೇಲುಕೋಟೆಗೆ ಹೋಗಿ ಪುಳಿಯೋಗರೆ ತಿಂದು ಬರೋಣ. ಒಣಗಿದ ಬಂಡೆ ಕಾಲು ಹಿಡಿಯುತ್ತದೆ, ಒದ್ದೆ ಬಂಡೆ ಯಾರ ಮಾತೂ ಕೇಳುವುದಿಲ್ಲ.

ಹೆಜ್ಜೇನಿನ ವಿಷಯ ತಮಾಷೆ ಅಲ್ಲ. ಇಂಥ ಬಂಡೆಗಳ ಅಡಿಯಲ್ಲಿ ಗೂಡು ಕಟ್ಟುತ್ತವೆ. ಸೆಂಟ್ ಹೊಡೆದುಕೊಂಡು ಬರಬೇಡಿ. ಮೇಲೆ ಊದುಬತ್ತಿ, ಕರ್ಪೂರ ಅಂತ ಹೊಗೆ ಎಬ್ಬಿಸುವುದು ಬೇಡ ದೊಡ್ಡಮ್ಮ, ಕೈ ಮುಗಿದರೆ ಸಾಕು. ಹುಡುಗರು ಕೂಗುವುದು, ಸ್ಪೀಕರ್ ಹಾಕುವುದು, ಗೂಡಿಗೆ ಕಲ್ಲು ಹೊಡೆಯುವುದು ಯಾವುದೂ ಬೇಡ. ಆ ತಿಂಗಳಲ್ಲಿ ಹುಲ್ಲು ಒಣಗಿರುತ್ತದೆ, ಬೀಡಿ ಸಿಗರೇಟೂ ಬೇಡ, ಯಾರಿಗೆ ಹೇಳುತ್ತಿದ್ದೇನೆ ಅಂತ ಅವರಿಗೆ ಗೊತ್ತು. ದೊಣೆ, ಅಂದರೆ ಬಂಡೆ ಮೇಲಿನ ನೀರಿನ ಗುಂಡಿ, ಕಂಡರೆ ಮಕ್ಕಳು ಅಂಚಿಗೆ ಹೋಗದಂತೆ ಕೈ ಹಿಡಿದುಕೊಳ್ಳಿ, ಪಾಚಿ ಇರುತ್ತದೆ. ಗೋಡೆ ಮೇಲೆ ಹೆಸರು ಕೆತ್ತುವವರನ್ನು ನಾನು ಅಲ್ಲೇ ಬಿಟ್ಟು ಬರುತ್ತೇನೆ. ನಿಧಿ ಆಸೆಗೆ ಅಗೆದು ಒಡೆದು ಹಾಳು ಮಾಡಿದ ಕೋಟೆಗಳು ನಮ್ಮಲ್ಲಿ ಈಗಾಗಲೇ ಬೇಕಾದಷ್ಟಿವೆ.

ನೀರು ತಲೆಗೆ ಎರಡು ಲೀಟರ್, ಅವರವರ ಬ್ಯಾಗಿನಲ್ಲಿ. ಮೇಲೆ ಅಂಗಡಿ ಇಲ್ಲ. ಓಆರ್‌ಎಸ್ ಪೊಟ್ಟಣ ನಾನು ತರುತ್ತೇನೆ. ಊಟಕ್ಕೆ ಅತ್ತೆಯ ಪುಳಿಯೋಗರೆ. ಮೊಸರನ್ನ ಮಧ್ಯಾಹ್ನಕ್ಕೆ ಹುಳಿ ಬರುತ್ತದೆ, ಬೇಡ. ಸೌತೆಕಾಯಿ, ಕಡಲೆಪುರಿ, ಚಕ್ಕುಲಿ ಸಾಕು. ಕೋತಿ ಇದ್ದರೆ ಬಾಳೆಹಣ್ಣು ನಮಗೆ ಉಳಿಯುವುದಿಲ್ಲ, ಪ್ಲಾಸ್ಟಿಕ್ ಕವರ್ ಕೈಯಲ್ಲಿ ಹಿಡಿದಿದ್ದರೆ ಕವರೂ ಉಳಿಯುವುದಿಲ್ಲ. ಊಟ ಕೆಳಗೆ ಇಳಿದ ಮೇಲೆ, ಮೇಲಕ್ಕೆ ಹೊರುವುದು ಬೇಡ.

ಮಂಡಿ ಆಪರೇಷನ್ ಆದ ದೊಡ್ಡಮ್ಮ ಮನೆಯಲ್ಲೇ ಇರುತ್ತೇನೆ ಅಂದಿದ್ದಾರೆ, ಒಪ್ಪಬೇಡಿ. ಮೊದಲ ಬಾಗಿಲವರೆಗೆ ಕೈ ಹಿಡಿದು ಕರೆದುಕೊಂಡು ಹೋಗೋಣ. ಆಗದಿದ್ದರೆ ಹಳ್ಳಿಯಲ್ಲೇ ಕೂರಲಿ, ಜೊತೆಗೆ ಮಾವ ಇರುತ್ತಾರೆ, ಫ್ಲಾಸ್ಕ್‌ನಲ್ಲಿ ಕಾಫಿ ಇರುತ್ತದೆ. ವಾಪಸ್ ಬರುವಾಗ ಹುಲಿಯೂರುದುರ್ಗದಲ್ಲಿ ಒಂದು ಹತ್ತು ನಿಮಿಷ ನಿಲ್ಲಿಸಿ ಅವರೆಕಾಯಿ ತಗೊಳ್ಳೋಣ, ಆ ಕಡೆಯ ಸೊಗಡು ಅವರೆ ಚೆನ್ನಾಗಿರುತ್ತದೆ. ಸುಲಿಯುವ ಕೆಲಸ ದಾರಿಯಲ್ಲೇ ಮುಗಿಸಬಹುದು, ಗಾಡಿಯಲ್ಲಿ ಅಷ್ಟು ಕೈ ಖಾಲಿ ಇರುತ್ತವೆ.

ಟಿಟಿಯವರಿಗೆ ಶುಕ್ರವಾರ ಬೆಳಿಗ್ಗೆ ಅಡ್ವಾನ್ಸ್ ಕೊಡಬೇಕು. ಆದ್ದರಿಂದ ಗುರುವಾರ ರಾತ್ರಿ ಒಳಗೆ ಎಷ್ಟು ಜನ, ಅದರಲ್ಲಿ ಮಕ್ಕಳು ಎಷ್ಟು, ಮೈಸೂರಿನಿಂದಲೋ ಮಂಡ್ಯದಿಂದಲೋ ಅಂತ ಬರೆದು ಹಾಕಿ. ಸುಮ್ನೆ ಹೆಬ್ಬೆಟ್ಟು ಒತ್ತಬೇಡಿ. ಬರುತ್ತೇನೆ ಅಂತಲೋ, ಓದಿದೆ ಅಂತಲೋ, ಅದರಲ್ಲಿ ನನಗೆ ಗೊತ್ತಾಗುವುದಿಲ್ಲ.